ತಿರುವಲ್ಲಿಕ್ಕೇಣಿಯ ಮುಖ್ಯೋಪಾಧ್ಯಾಯರು

ನಾನೂ ಹಲವು ವರ್ಷ ಪಾಠ ಹೇಳಿದವನಾದ್ದರಿಂದಲೋ ಏನೋ, ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳ ಬದುಕನ್ನು ಓದುವಾಗಲೆಲ್ಲ ನನ್ನ ಗಮನ ರಾಜಕಾರಣಿಯನ್ನು ದಾಟಿ ಮೇಷ್ಟರ ಮೇಲೆ ಹೋಗಿ ನಿಲ್ಲುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ವಾಗ್ಮಿಯೆಂದು ಹೆಸರಾಗಿ, 1921ರಲ್ಲಿ ಬ್ರಿಟಿಷ್ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ಲಿನ ಸದಸ್ಯರಾಗಿ ‘ರೈಟ್ ಆನರಬಲ್’ ಎನಿಸಿಕೊಂಡ ಅವರು ಮೊದಲು ಅನ್ನ ಸಂಪಾದಿಸಿದ್ದು ತರಗತಿಯ ಕೋಣೆಯಲ್ಲಿ.

1869ರ ಸೆಪ್ಟೆಂಬರ್ 22ರಂದು ಕುಂಭಕೋಣದ ಬಳಿಯ ವಲಂಗೈಮಾನಿನಲ್ಲಿ, ಬಡ ಪುರೋಹಿತರ ಮನೆಯಲ್ಲಿ ಅವರು ಹುಟ್ಟಿದರು. ಗಾಂಧೀಜಿಗಿಂತ ಹತ್ತೇ ದಿನಕ್ಕೆ ಹಿರಿಯರು. ಮಾಯಾವರಂ, ಸೇಲಂಗಳಲ್ಲಿ ಕಲಿಸಿ, ಮದ್ರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಶಾಲೆಯ ಗೋಡೆಯೊಳಗೇ ಉಳಿಯುವ ಸ್ವಭಾವ ಅವರದ್ದಲ್ಲ. ಮದ್ರಾಸಿನ ಉಪಾಧ್ಯಾಯರನ್ನು ಒಂದು ಸಂಘವಾಗಿ ಒಗ್ಗೂಡಿಸಿದವರಲ್ಲಿ ಅವರೊಬ್ಬರು. 1904ರಲ್ಲಿ ಆರಂಭವಾದ ತಿರುವಲ್ಲಿಕ್ಕೇಣಿಯ ನಗರ ಸಹಕಾರ ಸಂಘದ ಹಿಂದೆಯೂ ಅವರಿದ್ದರು.

1907ರಲ್ಲಿ ಅವರು ದೇಶಸೇವೆಗೆ ಬದುಕು ಮುಡಿಪಿಟ್ಟವರ ಸಂಸ್ಥೆಯಾದ, ಗೋಪಾಲಕೃಷ್ಣ ಗೋಖಲೆಯವರ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸೇರಿದರು. ಸದಸ್ಯನಾಗುವವನು ತನಗಾಗಿ ಹಣ ಗಳಿಸುವುದರಲ್ಲಿ ಶಕ್ತಿ ವ್ಯಯಿಸುವುದಿಲ್ಲವೆಂದೂ ಯಾರೊಡನೆಯೂ ವೈಯಕ್ತಿಕ ಜಗಳಕ್ಕೆ ಇಳಿಯುವುದಿಲ್ಲವೆಂದೂ ಅಲ್ಲಿ ಪ್ರತಿಜ್ಞೆ ಮಾಡಬೇಕಿತ್ತು. ಈ ಎರಡನೆಯ ಪ್ರತಿಜ್ಞೆಯನ್ನು ನೆನಪಿನಲ್ಲಿಟ್ಟುಕೊಳ್ಳದೆ ಶಾಸ್ತ್ರಿಗಳ ರಾಜಕಾರಣವನ್ನು ಅರ್ಥಮಾಡಿಕೊಳ್ಳುವುದು ಕಷ್ಟವೆಂದು ನನಗನಿಸುತ್ತದೆ. 1915ರಲ್ಲಿ ಗೋಖಲೆ ತೀರಿಕೊಂಡಾಗ ಅವರ ಸ್ಥಾನಕ್ಕೆ ಬಂದವರು ಇವರೇ.

1919ರ ಫೆಬ್ರವರಿ 7ರಂದು ಸಾಮ್ರಾಜ್ಯ ಶಾಸನ ಸಭೆಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಸರ್ಕಾರಕ್ಕೆ ಅಧಿಕಾರ ಕೊಡುವ ರೌಲತ್ ಮಸೂದೆಯ ವಿರುದ್ಧ ಅವರು ಮಾಡಿದ ಭಾಷಣವನ್ನು ಇಂದಿಗೂ ಓದಬೇಕು. ಕೆಟ್ಟ ಕಾನೂನು ಒಮ್ಮೆ ಜಾರಿಗೆ ಬಂದರೆ ಅದು ಕೆಟ್ಟವರ ಮೇಲಷ್ಟೇ ಪ್ರಯೋಗವಾಗುವುದೆಂಬ ಭರವಸೆ ಇಲ್ಲವೆಂದು, ಆಳುವವರ ಮುಖಕ್ಕೆ ನೇರವಾಗಿ, ಆದರೆ ಒಂದು ಒರಟು ಮಾತೂ ಇಲ್ಲದೆ ಅವರು ಹೇಳಿದರು. ಅದೇ ಕಾನೂನಿನ ವಿರುದ್ಧ ಗಾಂಧೀಜಿ ಸತ್ಯಾಗ್ರಹಕ್ಕೆ ಕರೆಕೊಟ್ಟಾಗ ಮಾತ್ರ ಶಾಸ್ತ್ರಿಗಳು ಅದನ್ನು ಒಪ್ಪಲಿಲ್ಲ. ಇಲ್ಲಿ ನನ್ನ ಮನಸ್ಸು ಗಾಂಧೀಜಿಯ ಕಡೆಗಿದೆ: ಮಾತಿನಿಂದ ಮಣಿಯದ ಸರ್ಕಾರದ ಮುಂದೆ ಮಾತನ್ನಷ್ಟೇ ನಂಬಿ ನಿಲ್ಲುವುದು ಸಾಲದಾಗಿತ್ತು. ಹಾಗೆಂದು ಅವರನ್ನು ಅಂಜುಬುರುಕರೆನ್ನುವವರ ಮಾತನ್ನೂ ನಾನು ಒಪ್ಪಲಾರೆ. 1928ರಲ್ಲಿ ದಕ್ಷಿಣ ಆಫ್ರಿಕಾದ ಕ್ಲರ್ಕ್ಸ್‌ಡಾರ್ಪ್‌ನಲ್ಲಿ ಬಿಳಿಯರ ಗುಂಪೊಂದು ಸಭೆಗೆ ನುಗ್ಗಿ ದಾಂಧಲೆ ಎಬ್ಬಿಸಿದಾಗಲೂ ಅವರು ಧೃತಿಗೆಡಲಿಲ್ಲ.

ಆ ದೇಶಕ್ಕೆ ಅವರು ಹೋದದ್ದು ಅಲ್ಲಿಯ ಭಾರತೀಯರ ವಿಷಯವಾಗಿ ಎರಡು ಸರ್ಕಾರಗಳ ನಡುವೆ ಆದ ಕೇಪ್‌ಟೌನ್ ಒಪ್ಪಂದದ ಬೆನ್ನಲ್ಲೇ, 1927ರಲ್ಲಿ, ಭಾರತ ಸರ್ಕಾರದ ಮೊದಲ ಏಜೆಂಟರಾಗಿ, ಅಂದರೆ ಪ್ರತಿನಿಧಿಯಾಗಿ. ಭಾರತೀಯರನ್ನು ನೆರವು ಕೊಟ್ಟು ಹಿಂದಕ್ಕೆ ಕಳುಹಿಸುವ ಯೋಜನೆಯೂ ಸೇರಿದ್ದ ಆ ಒಪ್ಪಂದ ನ್ಯಾಯದ ಅಳತೆಗೆ ಬಹಳ ಕಡಿಮೆಯೇ. ಆದರೆ ಉಳಿಯುವವರ ಮಕ್ಕಳಿಗೆ ವಿದ್ಯೆ ಸಿಗಬೇಕೆಂದು ಈ ಹಳೆಯ ಮೇಷ್ಟರು ಹಿಡಿದ ಪಟ್ಟು ಫಲಿಸಿತು. ಅಲ್ಲಿಯ ಭಾರತೀಯರಿಂದ ಹಣ ಕೂಡಿಸಿ ಡರ್ಬನ್‌ನಲ್ಲಿ ಪ್ರೌಢಶಾಲೆಯನ್ನೂ ಶಿಕ್ಷಕರ ತರಬೇತಿಯನ್ನೂ ಉದ್ದೇಶಿಸಿ ಕಟ್ಟಿಸಿದ ಶಾಸ್ತ್ರಿ ಕಾಲೇಜು 1929ರಲ್ಲಿ ತೆರೆಯಿತು. ಅವರು ಕೂತೆದ್ದ ಸಮ್ಮೇಳನಗಳ ನಿರ್ಣಯಗಳೆಲ್ಲ ಹಳೆಯ ಕಡತವಾದ ಮೇಲೂ ಆ ಶಾಲೆಯಲ್ಲಿ ಗಂಟೆ ಹೊಡೆಯುತ್ತಲೇ ಇತ್ತು.

ಗಾಂಧೀಜಿಯೊಡನೆ ಭಿನ್ನಾಭಿಪ್ರಾಯ ಕೊನೆಯವರೆಗೂ ಉಳಿಯಿತು, ಸ್ನೇಹವೂ ಉಳಿಯಿತು. ಗಾಂಧೀಜಿಯ ಆತ್ಮಕಥೆಯ ಇಂಗ್ಲಿಷ್ ಅನುವಾದದ ಎರಡನೆಯ ಆವೃತ್ತಿಯನ್ನು ಸಾಲುಸಾಲಾಗಿ ತಿದ್ದಿಕೊಟ್ಟವರು ಶಾಸ್ತ್ರಿಗಳು. ತಮ್ಮ ಹೆಸರನ್ನು ಎಲ್ಲಿಯೂ ಹೇಳಕೂಡದೆಂಬ ಷರತ್ತಿನ ಮೇಲೆ ಆ ಕೆಲಸ ಒಪ್ಪಿಕೊಂಡಿದ್ದರಿಂದ, ಅನುವಾದಕರಾದ ಮಹಾದೇವ ದೇಸಾಯಿ ತಮ್ಮ ಮುನ್ನುಡಿಯಲ್ಲಿ ಪೂಜ್ಯ ಸ್ನೇಹಿತರೊಬ್ಬರು ಎಂದಷ್ಟೇ ಬರೆದರು.