ಇರಬಹುದ್ರಿ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

"ಅಕ್ಕಾರ, ಒಳಗ ಯಾರಾರ ಅದಾರೇನ್ರಿ?"

"ಇರಬಹುದ್ರಿ."

ಕೇಳಿದವನು ಅಗ್ನಿಶಾಮಕ ದಳದ ಹುಡುಗ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬೇಕು. ಉತ್ತರ ಕೊಟ್ಟವಳು ನಾನು, ನಮ್ಮ ಮಾಳಿಗೆ ಮೇಲೆ ನಿಂತು. ಮನೆ ಹಿಂದಿನ ದಾಲ್ ಮಿಲ್ಲಿಗೆ ಬೆಂಕಿ ಬಿದ್ದಿತ್ತು.

ಕಲಬುರಗಿಯವರಿಗೆ ಇಂಥ ಮಿಲ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ತೊಗರಿ ಕಣಜ ಅಂತ ನಮ್ಮ ಜಿಲ್ಲೆಗೆ ಹೆಸರು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಹ ಬಂತು. ಆದರೂ ಊರಲ್ಲಿ ಕೀಲಿ ಬಿದ್ದ ಮಿಲ್ಲುಗಳು ಎಷ್ಟಿಲ್ಲ! ಇದು ನಿಂತು ಹದಿನಾಲ್ಕು ವರ್ಷವಾಯಿತು. ಅಣ್ಣತಮ್ಮಂದಿರ ಜಗಳ, ಕೋರ್ಟು ಕೇಸು. ಮಷಿನ್ ಮಾರಿದರು. ಕಿಟಕಿ, ಜಾಲರಿ, ಮೆಟ್ಟಿಲಿನ ಕಬ್ಬಿಣ ರಾತ್ರೋರಾತ್ರಿ ಗುಜರಿಗೆ ಹೋದವು. ಹರಿದ ಗೋಣಿಚೀಲದ ರಾಶಿ, ತೊಗರಿ ಹೊಟ್ಟು, ಮೂಲೆಮೂಲೆಯ ಬೇಳೆ ಧೂಳು ಮಾತ್ರ ಹಾಗೇ ಉಳಿದಿದ್ದವು. ಓಣಿಯ ಕಸವೂ ಅಲ್ಲಿಗೇ ಹೋಗುತ್ತಿತ್ತು. ನಾನೂ ಹಾಕಿದ್ದೇನೆ.

ಮಧ್ಯಾಹ್ನ ನಾಲ್ಕರ ಹೊತ್ತು. ಮೇ ತಿಂಗಳ ಬಿಸಿಲು, ಕಾಲಿಟ್ಟರೆ ಮಾಳಿಗೆ ಸುಡುತ್ತಿತ್ತು. ಒಣಗಿದ ಬಟ್ಟೆ ತೆಗೆಯಲು ಹೋದಾಗ ಹೊಗೆ ನೋಡಿ 112ಕ್ಕೆ ಫೋನ್ ಮಾಡಿದೆ. ಗಾಡಿ ಬರುವಷ್ಟರಲ್ಲಿ ಓಣಿ ತುಂಬಾ ಜನ. ಅರ್ಧ ಜನರ ಕೈಯಲ್ಲಿ ಮೊಬೈಲು. ಗಾಡಿಗೆ ದಾರಿ ಬಿಡಿ ಅಂದರೆ ವಿಡಿಯೊ ಮಾಡುವ ಹುಡುಗರು ಒಂದು ಹೆಜ್ಜೆ ಸರಿಯಲಿಲ್ಲ. ಬಿಳಿ ಅಂಗಿಯ ಒಬ್ಬರಂತೂ "ಏನ್ ನಿಂತು ನೋಡ್ಲತ್ತೀರಿ, ಒಳಗ ಹೋಗ್ರಿ" ಅಂತ ದಳದವರ ಮೇಲೆಯೇ ಜೋರು ಮಾಡುತ್ತಿದ್ದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಳಗೆ ಹೋಗಬೇಕಾದದ್ದು ಅವರ ಮಗನಲ್ಲವಲ್ಲ.

ದಳದವರು ಸುಮ್ನೆ ನಿಂತಿರಲಿಲ್ಲ. ಅವರ ಹಿರಿಯರು ಮೊದಲು ಮಿಲ್ಲಿನ ಮೂರು ಕಡೆ ನಡೆದು ನೋಡಿದರು. ಗೋಡೆಯ ಬಿರುಕು ನೋಡಿದರು, ತಲೆಯೆತ್ತಿ ಮಾಳಿಗೆ ನೋಡಿದರು. ಗಾಡಿಯನ್ನು ಹಿಂದಕ್ಕೆ ತೆಗೆಸಿದರು. ಹೊರಗೇ ನಿಂತು ಎರಡು ಕಿಟಕಿಯಿಂದ ನೀರು ಹೊಡೆಯುವುದು ಅಂತ ಆಗಿತ್ತು. ಪೈಪು ಬಿಚ್ಚುತ್ತಿದ್ದರು. ಖಾಲಿ ಮಿಲ್ಲು, ಉಳಿಸುವಂಥದ್ದು ಒಳಗೇನೂ ಇಲ್ಲ. ಆಗ ಆ ಹುಡುಗ ತಲೆಯೆತ್ತಿ ನನ್ನನ್ನು ಕೇಳಿದ.

ನಾನು ಇರಬಹುದ್ರಿ ಅಂದೆ.

ಯಾಕೆ ಅಂದೆ ಅಂದರೆ, ಚಿಂದಿ ಆರಿಸುವ ಒಬ್ಬ ವಯಸ್ಸಾದ ಮುತ್ಯಾ ರಾತ್ರಿ ಮಿಲ್ಲಿನ ಒಳಗೆ ಮಲಗುತ್ತಾರೆ. ಎಷ್ಟೋ ಸಲ ಬೆಳಗ್ಗೆ ಕೌದಿ ಮಡಚುವುದನ್ನು ನೋಡಿದ್ದೇನೆ. ಹಗಲು ಇರುತ್ತಾರಾ? ಗೊತ್ತಿಲ್ಲ. ಅವರ ಹೆಸರು? ಅದೂ ಗೊತ್ತಿಲ್ಲ. ಮೂರು ವರ್ಷದಿಂದ ಕಣ್ಣೆದುರು ಇದ್ದ ಮನುಷ್ಯನ ಬಗ್ಗೆ ನನ್ನ ಹತ್ತಿರ ಇದ್ದದ್ದು ಆ ಒಂದು "ಇರಬಹುದು" ಮಾತ್ರ.

ಹಿರಿಯರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಇಬ್ಬರು ಬೆನ್ನಿಗೆ ಸಿಲಿಂಡರ್ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ ಒಳಗೆ ಹೋದರು. ಒಬ್ಬ ಆ ಹುಡುಗ.

ಆಗ ಗುಂಪಿನಿಂದ ನಮ್ಮ ಓಣಿಯ ಹಮಾಲ ಕಾಕಾ ಓಡಿ ಬಂದರು. ಆ ಮಿಲ್ಲಿನಲ್ಲೇ ಇಪ್ಪತ್ತು ವರ್ಷ ಚೀಲ ಹೊತ್ತವರು. "ಎಡಕ್ಕ ಎಲಿವೇಟರ್ ಗುಂಡಿ ಅದರೀ, ಬಾಯಿ ತೆರದದ! ಬಲಗ್ವಾಡಿ ಹಿಡಕೊಂಡು ಹೋಗ್ರಿ!" ಅಂತ ಗಂಟಲು ಹರಿಯುವಂತೆ ಕೂಗಿದರು. ಕಾಳನ್ನು ಮೇಲೆತ್ತುವ ಎಲಿವೇಟರಿನ ಬುಡಕ್ಕೆ ಆಳು ಮುಳುಗುವಷ್ಟು ಆಳದ ಗುಂಡಿ ಇರುತ್ತದೆ. ಅದರ ಜಾಲರಿಯೂ ಗುಜರಿಗೆ ಹೋಗಿತ್ತು. ಹೊಗೆಯಲ್ಲಿ ಅದು ಕಾಣುವುದಾದರೂ ಹೇಗೆ? ಅಷ್ಟು ಜನರಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ.

ಎಷ್ಟು ಹೊತ್ತು ಒಳಗಿದ್ದರೋ, ನನಗಂತೂ ಹೊತ್ತೇ ಹೋಗಲಿಲ್ಲ. ಒಳಗಿನಿಂದ ಸಿಳ್ಳೆಯಂಥ ಸದ್ದು ಶುರುವಾಯಿತು. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದರೆ ಅದು ತಾನೇ ಕೂಗುತ್ತದೆ ಅಂತ ಆಮೇಲೆ ತಿಳಿಯಿತು. ಹಿರಿಯರು "ಹೊರಗ ಬರ್ರಿ, ಸಾಕು" ಅಂತ ಎರಡು ಸಲ ಕೂಗಿದರು. ಇಬ್ಬರೂ ಬಗ್ಗಿಕೊಂಡು, ಬಲಗೋಡೆ ಹಿಡಿದು ಹೊರಗೆ ಬಂದರು. ಕೈಯಲ್ಲಿ ಯಾರೂ ಇರಲಿಲ್ಲ.

ಐದು ನಿಮಿಷವೂ ಆಗಿರಲಿಲ್ಲ, ಮಾಳಿಗೆಯ ಪರ್ಸಿ ಕಲ್ಲುಗಳು ಪಟಾರ್ ಪಟಾರ್ ಅಂತ ಸೀಳತೊಡಗಿದವು. ನಮ್ಮ ಕಡೆ ಹಳೇ ಮಿಲ್ಲುಗಳಿಗೆ ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಕಲ್ಲು ಹಾಸಿರುತ್ತಾರಲ್ಲ. ಬೆಂಕಿಗೆ ಗರ್ಡರ್ ಬಾಗುತ್ತದೆ, ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಒಂದು ಸಾಲು ಪೂರ್ತಿ ಕುಸಿದು ಬಿತ್ತು. ಅವರು ಹಿಡಿದು ಬಂದ ಗೋಡೆಯ ಪಕ್ಕದಲ್ಲೇ.

ಮುತ್ಯಾ ಎಲ್ಲಿದ್ದರು ಗೊತ್ತಾ? ಗುಂಪಿನ ಹಿಂದೆ. ಮೊದಲಿನಿಂದಲೂ ಅಲ್ಲೇ, ಚೀಲ ಅಪ್ಪಿಕೊಂಡು ನಿಂತಿದ್ದರಂತೆ. ಬೆಂಕಿ ಹಚ್ಚಿದ ಆರೋಪ ತನ್ನ ತಲೆ ಮೇಲೆ ಬರುತ್ತದೆ ಅಂತ ಹೆದರಿ ಬಾಯಿ ಬಿಟ್ಟಿರಲಿಲ್ಲ. ಯಾರೋ ಅವರನ್ನು ಹೊಡೆಯಲು ಹೋದರು, ಕಾಕಾ ತಡೆದರು. ನನಗೆ ಮುತ್ಯಾನ ಮೇಲೆ ಸಿಟ್ಟು ಬರಲಿಲ್ಲ. ಯಾರೂ ಒಂದು ದಿನವೂ ಮಾತಾಡಿಸದ ಮನುಷ್ಯ ಅವತ್ತು ಯಾವ ಧೈರ್ಯದ ಮೇಲೆ ಮುಂದೆ ಬಂದಾರು?

ಬೆಂಕಿ ತಣ್ಣಗಾದ ಮೇಲೆ ಆ ಹುಡುಗ ನಮ್ಮ ಕಟ್ಟೆ ಮೇಲೆ ಕೂತ. ನೀರು ಕೊಟ್ಟೆ. ಮುಖದ ಮೇಲೆ ಮಾಸ್ಕಿನ ಗೆರೆ ಕೆಂಪಗೆ ಮೂಡಿತ್ತು. ಕೈಗವಸಿನೊಳಗಿಂದ ಬೆವರು ಸುರಿಯಿತು, ಸುಳ್ಳಲ್ಲ, ಸುರಿಯಿತು. ಚೊಂಬು ಹಿಡಿದ ಕೈ ನಡುಗುತ್ತಿತ್ತು.

"ತಮ್ಮಾ, ನಾ ಸರಿಯಾಗಿ ಗೊತ್ತಿಲ್ದೇ ಹೇಳಿಬಿಟ್ಟೆ" ಅಂದೆ.

"ಇರಲಿರೀ ಅಕ್ಕಾ. ಇರಬಹುದು ಅಂದ್ರ ನಮಗ ಅದಾರ ಅಂತಲೇ ಲೆಕ್ಕ" ಅಂದ.

ಬೇಜಾರಿಲ್ಲದೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಅವನೇ ಇನ್ನಷ್ಟು ಹೇಳಿದ. ಜನ ವಾಸವಿರುವ ಮನೆಗಿಂತ ಬಿಟ್ಟುಹೋದ ಕಟ್ಟಡವೇ ಅವರಿಗೆ ಜಾಸ್ತಿ ಭಯವಂತೆ. ಮೆಟ್ಟಿಲು ಇದೆಯೋ ಇಲ್ಲವೋ, ನೆಲದಲ್ಲಿ ತೂತಿದೆಯೋ, ಯಾರೂ ಹೇಳುವವರಿಲ್ಲ. ಗೋಡೆ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರ ನಿಲ್ಲಬೇಕಂತೆ. ನಮ್ಮ ಓಣಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಹೊಡೆದ ನೀರೂ ಭಾರವೇ. ಸಾವಿರ ಲೀಟರ್ ಅಂದರೆ ಒಂದು ಟನ್. ಗೋಣಿಚೀಲ ಅದನ್ನೆಲ್ಲ ಕುಡಿಯುತ್ತದೆ, ಮಣ್ಣು ಮೆತ್ತಿದ ಕಲ್ಲುಗೋಡೆ ನೆನೆಯುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಓದುತ್ತಾ ಕೂತೆ. ಅಮೆರಿಕದ ವೂಸ್ಟರ್ ಅನ್ನುವ ಊರಲ್ಲಿ 1999ರ ಡಿಸೆಂಬರ್ 3ರಂದು ಹೀಗೇ ಒಂದು ಪಾಳುಬಿದ್ದ ಗೋದಾಮಿಗೆ ಬೆಂಕಿ ಬಿತ್ತು. ಅಲ್ಲಿ ಇಬ್ಬರು ಮನೆಯಿಲ್ಲದವರು ಮಲಗುತ್ತಿದ್ದರು. ಅವರ ಮೇಣದಬತ್ತಿ ಉರುಳಿತ್ತು. ಅವರು ಯಾರಿಗೂ ಹೇಳದೆ ಹೊರಟುಹೋಗಿದ್ದರು. ಒಳಗೆ ಇದ್ದಾರೇನೋ ಅಂತ ಹುಡುಕಲು ಹೋದ ಇಬ್ಬರು ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದ ನಾಲ್ವರೂ ಬರಲಿಲ್ಲ. ಕೊನೆಗೆ ಅಧಿಕಾರಿಯೊಬ್ಬರು ಬಾಗಿಲಿಗೆ ಅಡ್ಡ ನಿಂತು ಇನ್ನು ಯಾರನ್ನೂ ಒಳಗೆ ಬಿಡಲಿಲ್ಲ. ಆರು ಜನ ಸತ್ತರು, ಒಳಗಿಲ್ಲದವರಿಗೋಸ್ಕರ. ಓದುತ್ತಾ ನನ್ನ ಕೈ ತಣ್ಣಗಾಯಿತು. ಅಲ್ಲೂ ಯಾರೋ ಒಬ್ಬರು "ಇರಬಹುದು" ಅಂದಿರಬೇಕು.

ಅಷ್ಟು ದೂರ ಯಾಕೆ? 2015ರ ಮೇ ತಿಂಗಳಲ್ಲಿ ಮುಂಬೈಯ ಕಾಲಬಾದೇವಿಯಲ್ಲಿ ಹಳೇ ಕಟ್ಟಡವೊಂದು ಬೆಂಕಿಗೆ ಕುಸಿದು ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳು ತೀರಿಹೋದರು. ಅದೇ ಮುಂಬೈ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಹಡಗು ಸಿಡಿದು ಸತ್ತ 66 ಜನ ದಳದವರ ನೆನಪಿಗೆ ಆ ದಿನ ಅಗ್ನಿಶಾಮಕ ಸೇವಾ ದಿನ. ಹೋದ ತಿಂಗಳು ಅದೇ ದಿನ ಬಾಬಾಸಾಹೇಬರ ಜಯಂತಿ ಮೆರವಣಿಗೆಯಲ್ಲಿ ನಾನೂ ಇದ್ದೆ. ಮೆರವಣಿಗೆ ದಾರಿಯ ಪಕ್ಕದಲ್ಲಿ ಕೆಂಪು ಗಾಡಿ ನಿಂತಿತ್ತು. ಅವರದೂ ಇವತ್ತೇ ಅಂತ ನನಗೆ ಗೊತ್ತೇ ಇರಲಿಲ್ಲ.

ವೂಸ್ಟರಿನಲ್ಲಿ ಈಗ ಅಪಾಯದ ಖಾಲಿ ಕಟ್ಟಡಗಳ ಮೇಲೆ ಕೆಂಪು ಗುರುತು ಹಾಕುತ್ತಾರೆ. ದಳದವರು ಬಂದ ಕೂಡಲೇ ಗೊತ್ತಾಗುತ್ತದೆ, ಒಳಗೆ ಕಾಲಿಡುವ ಜಾಗ ಅಲ್ಲ ಅಂತ. ನಮ್ಮಲ್ಲಿ ಒಂದು ಡಬ್ಬಿ ಬಣ್ಣಕ್ಕೆ ಎಷ್ಟಾದೀತು? ಬುಧವಾರ ಒಂದು ಕಚೇರಿಗೆ ಹೋಗಿ ಕೇಳಿದೆ. ಜಾಗ ಕೋರ್ಟಿನಲ್ಲಿದೆ, ಮುಟ್ಟಲು ಬರುವುದಿಲ್ಲ ಅಂದರು. ಗೋಡೆಗೆ ಬಣ್ಣ ಬಳಿಯಲೂ ಬರುವುದಿಲ್ಲವಾ ಅಂದೆ. ಅರ್ಜಿ ಕೊಡಿ ಅಂದರು. ಕೊಟ್ಟು ಬಂದಿದ್ದೇನೆ.

ನಿನ್ನೆ ಸಂಜೆ ಮುತ್ಯಾ ಮತ್ತೆ ಕಂಡರು. ಮೂರು ಕಟ್ಟಡ ಆಚೆ, ಮುಚ್ಚಿದ ಇನ್ನೊಂದು ಗೋದಾಮಿನ ಬಾಗಿಲಲ್ಲಿ ಕೌದಿ ಹಾಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕೌದಿ ಸುತ್ತತೊಡಗಿದರು.

"ಎಬ್ಬಸಲಾಕ ಬಂದಿಲ್ಲ ಮುತ್ಯಾ, ಕುಂದರ್ರಿ. ರಾತ್ರಿ ಇಲ್ಲೇ ಮಲಗ್ತೀರೇನು?"

"ಹೌದವ್ವಾ."

"ಒಳಗೋ, ಹೊರಗೋ?"

ಬಹಳ ಹೊತ್ತು ನನ್ನ ಮುಖ ನೋಡಿದರು.

"ಹೊರಗ, ಈ ಕಟ್ಟಿ ಮ್ಯಾಲ. ಮಳಿ ಬಂದ್ರ ಅಷ್ಟ ಒಳಗ."

"ನಿಮ್ಮ ಸಂಗಾಟ ಮತ್ಯಾರಾರ ಅದಾರೇನು?"

"ಯಾರೂ ಇಲ್ಲವ್ವಾ. ನಾ ಒಬ್ಬಾಂವನೇ."

ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಅದನ್ನು ಬರೆದಿಟ್ಟೆ. ಒಬ್ಬರು, ಹೊರಗಿನ ಕಟ್ಟೆ, ಮಳೆ ಬಂದರೆ ಒಳಗೆ. ಆ ಗೋದಾಮಿನಲ್ಲಿ ಗುಂಡಿ ಎಲ್ಲೆಲ್ಲಿ ಇವೆ ಅಂತ ನಾಳೆ ಕಾಕಾರನ್ನು ಕೇಳಬೇಕು.