ಕಸಿಕಡ್ಡಿಯ ಜೊತೆ ರೋಗ ಬರದಿರಲಿ

ಕಿತ್ತಳೆ, ನಿಂಬೆ ವ್ಯಾಪಾರದಲ್ಲಿ ನನ್ನ ಮಟ್ಟಿಗೆ ಹಣ್ಣಿಗಿಂತ ಕಸಿಕಡ್ಡಿಯೇ ಹೆಚ್ಚು ಅಪಾಯಕಾರಿ. ಎಲೆ ಹಳದಿಯಾಗಿಸಿ ಗಿಡವನ್ನೇ ಸೊರಗಿಸುವ ಗ್ರೀನಿಂಗ್ ರೋಗದ ರೋಗಾಣು ಲಕ್ಷಣ ತೋರದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಗಿಡದೊಳಗೆ ಅಡಗಿರುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಕಡ್ಡಿ ತರಿಸಬೇಡಿ. ರೋಗಾಣುವಿನ ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಾದ ತಾಯಿಗಿಡದ್ದೇ ಬೇಕು. ಅದರಲ್ಲೂ ಒಂದೇ ಪರೀಕ್ಷೆ ಸಾಲದು, ರೋಗಾಣು ಎಲ್ಲ ಕೊಂಬೆಗಳಲ್ಲೂ ಸಮನಾಗಿ ಹರಡಿರುವುದಿಲ್ಲ.

ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನಡುನರದ ಎರಡೂ ಬದಿ ಹಳದಿ ಒಂದೇ ಥರ ಇದ್ದರೆ ಸಾಮಾನ್ಯವಾಗಿ ಪೋಷಕಾಂಶದ ಕೊರತೆ. ಒಂದೊಂದು ಬದಿ ಒಂದೊಂದು ರೀತಿ ಮಚ್ಚೆಯಿದ್ದರೆ ಗ್ರೀನಿಂಗ್ ಶಂಕೆ. ರೋಗ ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಚಿಗುರಿನಲ್ಲೂ ಮೊಟ್ಟೆಯಿಡುತ್ತದೆ, ಆ ಸಸಿಗಳ ಸಾಗಣೆಗೂ ತಪಾಸಣೆ ಬೇಕು.

ಹಣ್ಣು, ಎಲೆಗಳ ಮೇಲೆ ಕಜ್ಜಿ ಎಬ್ಬಿಸುವ ಕ್ಯಾಂಕರ್ ಎಂಬ ಬ್ಯಾಕ್ಟೀರಿಯಾ ರೋಗದ ತಡೆಗೆ ಹಣ್ಣನ್ನು 200 ಪಿಪಿಎಂ (ಹತ್ತು ಲಕ್ಷ ಪಾಲಿಗೆ 200 ಪಾಲು) ಕ್ಲೋರಿನ್ ದ್ರಾವಣವಾದ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 2 ನಿಮಿಷ ನೆನೆಸುತ್ತಾರೆ, ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ) 6ರಿಂದ 7.5. ಮೊದಲು ಮಣ್ಣು ತೊಳೆಯಿರಿ, ಕೊಳೆಯಿದ್ದರೆ ಕ್ಲೋರಿನ್ ಅಲ್ಲೇ ಮುಗಿಯುತ್ತದೆ. ಕಜ್ಜಿಯೊಳಗಿನ ಬ್ಯಾಕ್ಟೀರಿಯಾ ಇದಕ್ಕೆ ಬಗ್ಗದು. ಕಜ್ಜಿಯಿರುವ ಹಣ್ಣನ್ನು ಆರಿಸಿ ತೆಗೆಯಲೇಬೇಕು.