ಕೊಡಗಿನ ಅರಸನೂ ಪೌಲನ ಪತ್ರವೂ

"ನಮ್ಮ ದೇವರನ್ನು ಅರಿಯದವನಿಗೆ ನೀತಿ ಎಲ್ಲಿಂದ ಬರಬೇಕು?" ಭಾನುವಾರದ ಪೂಜೆ ಮುಗಿಸಿ ಬರುವಾಗ ಹಿರಿಯರೊಬ್ಬರು ಕೇಳಿದರು. ಕೇಳಿದ್ದು ಎಲ್ಲಿ ನಿಂತು? ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಅಂಗಳದಲ್ಲಿ! ಟಿಪ್ಪುವಿನ ಕಾಲದಲ್ಲಿ ಆಸರೆ ಹುಡುಕಿ ಬಂದ ಕ್ರೈಸ್ತರಿಗೆ ಇಲ್ಲಿ ನೆಲೆ ಕೊಟ್ಟವನು ಲಿಂಗಾಯತ ಅರಸ ದೊಡ್ಡ ವೀರರಾಜೇಂದ್ರ. 1792ರಲ್ಲಿ ಚರ್ಚ್ ಶುರುವಾಯಿತು. ಅವನಿಗೆ ಬೈಬಲ್ಲನ್ನು ಯಾರು ಓದಿ ಹೇಳಿದ್ದರು?

ಯೇಸುವಿನ ಸಂದೇಶ ಸಾರಿದ ಪೌಲನು ರೋಮನರಿಗೆ ಬರೆದ, ಬೈಬಲ್ಲಿನಲ್ಲಿರುವ ಪತ್ರದ 2ನೇ ಅಧ್ಯಾಯದಲ್ಲಿ ಇದೇ ಮಾತಿದೆ. ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ದೇವರು ಯೆಹೂದ್ಯರಿಗೆ ಕೊಟ್ಟ ನಿಯಮ, ಸಿಗದ ಜನರೂ ಸಹಜವಾಗಿ ಅದರಂತೆ ನಡೆಯುತ್ತಾರೆ, ಅದು ಅವರ ಹೃದಯದಲ್ಲೇ ಬರೆದಿದೆ ಎಂದು. 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಸಹಜ ನಿಯಮದ, ಅಂದರೆ ಒಳಿತು ಕೆಡುಕನ್ನು ಮನುಷ್ಯ ತನ್ನ ವಿವೇಕದಿಂದಲೇ ಅರಿಯಬಲ್ಲ ಎಂಬ ಸಿದ್ಧಾಂತ ಕಟ್ಟುವಾಗ ಈ ಮಾತಿಗೂ ಬೆಲೆ ಕೊಟ್ಟ. ಅವನ ಪ್ರಕಾರ ಒಳಿತು ಎಂಬುದು ದೇವರು ಮನಬಂದಂತೆ ಹೊರಡಿಸಿದ ಹುಕುಂ ಅಲ್ಲ, ದೇವರ ಸ್ವಭಾವವೇ ಒಳಿತು. ಮನುಷ್ಯನ ವಿವೇಕಕ್ಕೆ ಅದರಲ್ಲಿ ಪಾಲಿದೆ. ದೇವರ ಆಜ್ಞೆಯೇ ನೀತಿಯ ಬುಡ ಎನ್ನುವ ಪಂಥವೂ ಕ್ರೈಸ್ತರಲ್ಲಿ ಉಂಟು. ನನಗೇಕೋ ಅದು ಒಗ್ಗುವುದಿಲ್ಲ. ನಾಳೆ ಕ್ರೌರ್ಯವನ್ನೇ ಆಜ್ಞಾಪಿಸಿದರೆ ಅದೂ ಒಳಿತಾಗಬೇಕಲ್ಲ!

ಹಾಗೆಂದು ಅಕ್ವಿನಾಸನ ದಾರಿಯೂ ಸಲೀಸಲ್ಲ. ಹೃದಯದಲ್ಲೇ ಬರೆದಿದ್ದರೆ, ಬೈಬಲ್ ಕೈಯಲ್ಲಿ ಹಿಡಿದೇ ಶತಮಾನಗಟ್ಟಲೆ ಗುಲಾಮಗಿರಿಯನ್ನು ಸಮರ್ಥಿಸಿದ ಕ್ರೈಸ್ತರಿಗೆ ಅದು ಕಾಣಲಿಲ್ಲವೇ? ಕೆಟ್ಟ ರೂಢಿಗಳು ಆ ಬರಹದ ಕೆಲವು ಸಾಲುಗಳನ್ನು ಅಳಿಸಬಲ್ಲವು ಎಂಬುದು ಅವನ ಉತ್ತರ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ.